ನಿಂತ ಗಾಡಿಯ ಬ್ಯಾಟರಿ ತಾನಾಗಿ ಸಾಯಲ್ಲ, ನಾವು ಸಾಯಿಸ್ತೀವಿ

ಈ ಸಲದ ಬರಹ ಸ್ವಲ್ಪ ಖಾರ ಅನ್ನಿಸಬಹುದು. ಅನ್ನಿಸಲಿ. ಪೂರ್ತಿ ಓದಿ ಆಮೇಲೆ ಬೈಯಿರಿ.

ಕಣದ ಕೆಲಸ ಮುಗೀತು. ರಾಗಿ ಮನೆ ಸೇರಿತು, ಹುಲ್ಲು ಬಣವೆ ಆಯ್ತು. ಗೊಬ್ಬರ, ಇಟ್ಟಿಗೆ ಬಾಡಿಗೆ ಹೊಡೆಯೋರ ಗಾಡಿ ಬಿಟ್ಟರೆ ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ ಸುತ್ತಮುತ್ತ ಉಳಿದ ಟ್ರಾಕ್ಟರ್‌ಗಳೆಲ್ಲ ಇನ್ನು ಭರಣಿ ಮಳೆ ತನಕ ಶೆಡ್ಡಿನಲ್ಲೋ ಹುಣಸೆ ಮರದ ಕೆಳಗೋ ನಿಲ್ಲುತ್ತವೆ. ಹೆಚ್ಚುಕಮ್ಮಿ ಮೂರು ತಿಂಗಳು. ಅದೂ ವರ್ಷದಲ್ಲೇ ಅತಿ ಬಿಸಿಲಿನ ಮೂರು ತಿಂಗಳು.

ಆಮೇಲೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ರಾತ್ರಿ ಒಂದು ಹದ ಮಳೆ ಬೀಳುತ್ತೆ. ಬೆಳಗ್ಗೆ ಆರಕ್ಕೆ ಹೆಸರು ಬಿತ್ತೋಕೆ ಅಂತ ಎಲ್ಲರೂ ಒಟ್ಟಿಗೆ ಕೀ ತಿರುಗಿಸ್ತಾರೆ. ಊರಲ್ಲಿ ಅರ್ಧ ಗಾಡಿ "ಟಕ್ ಟಕ್" ಅಂದು ಸುಮ್ಮನಾಗುತ್ತವೆ. ಆಗ ಪ್ರತಿ ವರ್ಷ ಕೇಳೋದು ಮೂರೇ ಮಾತು. "ಸೆಲ್ಫ್ ತಗೋತಿಲ್ಲ ಕಣಣ್ಣ." "ಈಗಿನ ಬ್ಯಾಟರಿ ಎಲ್ಲಾ ಡೂಪ್ಲಿಕೇಟ್ ಬಿಡು." "ಬನ್ರೋ, ಒಂಚೂರು ತಳ್ಳಿ."

ನಮ್ಮದು ಕೆಂಪು ಮಣ್ಣು. ಏಪ್ರಿಲ್ ಬಿಸಿಲಲ್ಲಿ ಎರಡು ಮೂರು ದಿನದಲ್ಲಿ ಹದ ಹಾರಿಹೋಗುತ್ತೆ. ಆ ಎರಡು ದಿನ ಬ್ಯಾಟರಿ ಅಂಗಡಿ ಮುಂದೆ ಕಳೆದವನಿಗೆ ಹೆಸರೂ ಇಲ್ಲ, ಅಲಸಂದೆಯೂ ಇಲ್ಲ. ಅದರ ಮೇಲೆ ಹೊಸ ಬ್ಯಾಟರಿಗೆ ಏಳು ಎಂಟು ಸಾವಿರ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಲೆಕ್ಕ ಹಾಕಿ, ಒಂದೂವರೆ ಕ್ವಿಂಟಲ್ ರಾಗಿ ಕೊಟ್ಟು ಒಂದು ಬ್ಯಾಟರಿ ತರ್ತೀವಿ. ನಾಲ್ಕೈದು ವರ್ಷ ಬರಬೇಕಾದ ಬ್ಯಾಟರಿಯನ್ನ ಎರಡೇ ವರ್ಷಕ್ಕೆ ಬದಲಾಯಿಸಿ ಕಂಪನಿಯವನನ್ನ ಬೈತೀವಿ.

ನಾನು ಹೇಳೋದು ಇಷ್ಟೇ. ಈ ಬ್ಯಾಟರಿಗಳಲ್ಲಿ ಹೆಚ್ಚಿನವು ಕೆಲಸ ಮಾಡಿ ಸವೆದವಲ್ಲ. ಅರ್ಧ ಖಾಲಿ ಇರೋವಾಗಲೇ ನಾವು ಅವನ್ನ ಮೂಲೆಗೆ ನಿಲ್ಲಿಸಿ ಮರೆತಿದ್ದಕ್ಕೆ ಕೆಟ್ಟವು. ಗಾಡಿ ನಿಲ್ಲಿಸೋ ಮುಂಚೆ ಬ್ಯಾಟರಿ ಫುಲ್ ಚಾರ್ಜ್ ಮಾಡಿ, ವೈರ್ ಬಿಚ್ಚಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಕೊಟ್ಟರೆ ಇದರಲ್ಲಿ ಮುಕ್ಕಾಲು ಪಾಲು ಖರ್ಚು ಉಳಿಯುತ್ತೆ. ಇದನ್ನ ಬಿಟ್ಟು ನಾವು ಮಾಡ್ತಿರೋ ಬೇರೆಲ್ಲಾ ಉಪಾಯಗಳು ಮನಸ್ಸಿಗೆ ಸಮಾಧಾನ, ಬ್ಯಾಟರಿಗೆ ಏನೂ ಇಲ್ಲ.

ಒಳಗೆ ಏನಾಗುತ್ತೆ

ಈ ಸೀಸದ ಬ್ಯಾಟರಿ ಹೊಸದೇನಲ್ಲ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಅನ್ನೋರು ಕಂಡುಹಿಡಿದದ್ದು. ಅವತ್ತಿಂದ ಇವತ್ತಿನವರೆಗೂ ಒಳಗಿನ ಕೆಲಸ ಒಂದೇ: ಸೀಸದ ಪ್ಲೇಟು, ಗಂಧಕಾಮ್ಲ, ನೀರು. ಕರೆಂಟ್ ಹೊರಗೆ ಹೋದ ಹಾಗೆಲ್ಲ ಆಸಿಡ್ ಪ್ಲೇಟಿಗೆ ಸೇರಿಕೊಂಡು ಸಲ್ಫೇಟ್ ಅನ್ನೋ ಬಿಳಿ ಪದರ ಕಟ್ಟುತ್ತೆ. ಚಾರ್ಜ್ ಕೊಟ್ಟರೆ ಆ ಪದರ ಕರಗಿ ಮತ್ತೆ ಆಸಿಡ್ ಆಗುತ್ತೆ. ಇದು ದಿನನಿತ್ಯದ ವ್ಯವಹಾರ, ಇದರಿಂದ ತೊಂದರೆ ಇಲ್ಲ.

ತೊಂದರೆ ಇರೋದು ಆ ಪದರವನ್ನ ಹಾಗೇ ಬಿಟ್ಟಾಗ. ಕೊಟ್ಟಿಗೆ ಸಗಣಿ ನೆನಪು ಮಾಡಿಕೊಳ್ಳಿ. ಹಸಿ ಇರೋವಾಗ ಒಂದು ಬಕೆಟ್ ನೀರು ಹುಯ್ದು ಪೊರಕೆ ಆಡಿಸಿದರೆ ನೆಲ ಚೊಕ್ಕಟ. ಒಂದು ತಿಂಗಳು ಬಿಟ್ಟು ನೋಡಿ, ಗುದ್ದಲಿ ತರಬೇಕು. ಸಲ್ಫೇಟೂ ಹಾಗೇ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟುತ್ತೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗಲ್ಲ. ಪ್ಲೇಟಿನ ಅಷ್ಟು ಭಾಗ ಕಾಯಂ ಆಗಿ ಸತ್ತ ಹಾಗೆ. 80 ಆಂಪಿಯರ್-ಅವರ್ ಬ್ಯಾಟರಿ ಹೊರಗೆ ನೋಡೋಕೆ ಅಷ್ಟೇ ಇರುತ್ತೆ, ಒಳಗೆ 30-40 ಆಗಿರುತ್ತೆ.

ಇನ್ನೊಂದು ವಿಷಯ. ಯಾವ ವೈರೂ ಇಲ್ಲದೆ ಸುಮ್ಮನೆ ಇಟ್ಟ ಬ್ಯಾಟರಿಯೂ ತಾನಾಗೇ ಇಳಿಯುತ್ತೆ. ಮಾಮೂಲಿ ಹವೆಯಲ್ಲಿ ತಿಂಗಳಿಗೆ ನೂರಕ್ಕೆ ಮೂರೋ ಐದೋ ಪಾಲು. ಹಳೇದಾದರೆ ಇನ್ನೂ ಹೆಚ್ಚು. ಸುಮಾರು 10 ಡಿಗ್ರಿ ಬಿಸಿ ಏರಿದರೆ ಈ ಸೋರಿಕೆ ಎರಡರಷ್ಟಾಗುತ್ತೆ. ತಗಡಿನ ಶೆಡ್ಡಲ್ಲಿ ಮಾರ್ಚ್ ಮಧ್ಯಾಹ್ನ ಒಂದು ಗಂಟೆ ನಿಂತು ನೋಡಿ, ಬ್ಯಾಟರಿ ಸಂಕಟ ಗೊತ್ತಾಗುತ್ತೆ.

"ವಾರಕ್ಕೊಂದ್ಸಲ ಹತ್ತು ನಿಮಿಷ ಸ್ಟಾರ್ಟ್ ಮಾಡ್ತೀನಿ, ಸಾಕಲ್ವಾ?"

ಸಾಲಲ್ಲ. ನಮ್ಮ ಕಡೆ ಅತಿ ಹೆಚ್ಚು ಬ್ಯಾಟರಿ ಕೊಂದಿರೋ ನಂಬಿಕೆ ಇದೇ ಅಂತ ನನ್ನ ಅಭಿಪ್ರಾಯ. ಮೆಕ್ಯಾನಿಕ್ ಹೇಳ್ತಾನೆ, ಅಕ್ಕಪಕ್ಕದವರು ಹೇಳ್ತಾರೆ, ನಾವೂ ಗಾಡಿ ಸ್ಟಾರ್ಟ್ ಮಾಡಿ ಸ್ಲೋನಲ್ಲಿ ಬಿಟ್ಟು ಟೀ ಕುಡಿದು ಬಂದು ಆಫ್ ಮಾಡ್ತೀವಿ.

ಲೆಕ್ಕ ನೋಡೋಣ. ಟ್ರಾಕ್ಟರ್ ಒಂದು ಸಲ ಸೆಲ್ಫ್ ಹೊಡೆಯೋವಾಗ ಸುಮಾರು 300 ಆಂಪಿಯರ್ ಎಳೆಯುತ್ತೆ ಅಂತಿಟ್ಟುಕೊಳ್ಳಿ. ನಾಲ್ಕು ಸೆಕೆಂಡ್ ಅಷ್ಟೇ, ಅರ್ಧ ಆಂಪಿಯರ್-ಅವರ್ ಕೂಡ ಆಗಲ್ಲ. ಅದು ಬೇಗ ವಾಪಸ್ ಬರುತ್ತೆ, ಒಪ್ಪಿದೆ. ಆದರೆ ಸ್ಲೋ ಓಟದಲ್ಲಿ ಆಲ್ಟರ್ನೇಟರ್ ಪೂರ್ತಿ ಕೊಡಲ್ಲ. ಬ್ಯಾಟರಿಗೆ 10 ಆಂಪಿಯರ್ ಬಂತು ಅಂದುಕೊಂಡರೂ ಹತ್ತು ನಿಮಿಷಕ್ಕೆ ಒಂದೂವರೆ ಆಂಪಿಯರ್-ಅವರ್ ಚಿಲ್ಲರೆ. ಸ್ಟಾರ್ಟ್ ಮಾಡೋಕೆ ಹೋಗಿದ್ದನ್ನ ಕಳೀರಿ. ಬಿಸಿಲಿಗೆ ವಾರದಲ್ಲಿ ತಾನಾಗೇ ಸೋರಿದ್ದನ್ನ ಕಳೀರಿ. ಉಳಿದದ್ದು ಸೊನ್ನೆ.

ಅಂದ್ರೆ ಅರ್ಧ ಖಾಲಿ ಇದ್ದ ಬ್ಯಾಟರಿ ಅರ್ಧ ಖಾಲಿಯಾಗೇ ಮೂರು ತಿಂಗಳು ಕೂತಿರುತ್ತೆ. ಗಾಡಿ ವಾರವಾರ ಸ್ಟಾರ್ಟ್ ಆಗ್ತಿದೆ ಅಂತ ನಾವು ಖುಷಿಯಾಗಿರ್ತೀವಿ, ಒಳಗೆ ಸಲ್ಫೇಟ್ ಹರಳು ಕಟ್ಟುತ್ತಾ ಇರುತ್ತೆ. 80ರ ಬ್ಯಾಟರಿ ಅರ್ಧ ಇಳಿದಿದ್ದರೆ 40 ಆಂಪಿಯರ್-ಅವರ್ ವಾಪಸ್ ಹೋಗಬೇಕು. ಕೊನೆಯ ಐದನೇ ಒಂದು ಪಾಲು ತುಂಬೋದು ಬಹಳ ನಿಧಾನ, ಅದಕ್ಕೇ ಗಂಟೆಗಟ್ಟಲೆ ಬೇಕು. ಬಿಂದಿಗೆ ಬಾಯಿ ಹತ್ತಿರ ಬಂದಾಗ ನಲ್ಲಿ ಸಣ್ಣ ಮಾಡಿ ತುಂಬಿಸಲ್ವಾ, ಹಾಗೆ.

ಆ ಹತ್ತು ನಿಮಿಷದಲ್ಲಿ ಎಂಜಿನ್ನಿಗೂ ಒಳ್ಳೆಯದಾಗಲ್ಲ. ಎಂಜಿನ್ ಸರಿಯಾಗಿ ಕಾಯೋಕೆ ಮುಂಚೆನೇ ಆಫ್ ಮಾಡಿದರೆ ಒಳಗಿನ ನೀರಿನ ಹಬೆ, ಉರಿಯದ ಡೀಸೆಲ್ ಆಯಿಲ್ಲಿಗೆ ಸೇರುತ್ತೆ. ಜೊತೆಗೆ ಡೀಸೆಲ್ ಖರ್ಚು. ಗಂಟೆಗೆ ಒಂದು ಲೀಟರ್ ಅಂತ ಹಿಡಿದರೂ ಒಂದೊಂದು ಸಲಕ್ಕೆ ಹದಿನೈದು ರೂಪಾಯಿ ಹೊಗೆ. ತಿಂಗಳಿಗೆ ಅರವತ್ತು. ಅದೇ 40 ಆಂಪಿಯರ್-ಅವರ್ ಅನ್ನ ಗೋಡೆಯ ಪ್ಲಗ್ಗಿನಿಂದ ತುಂಬಿಸಿದರೆ ಖರ್ಚಾಗೋದು ಸುಮಾರು ಒಂದು ಯೂನಿಟ್ ಕರೆಂಟ್. ಗೃಹಜ್ಯೋತಿ ಮಿತಿಯೊಳಗೆ ಇರೋ ಮನೆಗೆ ಅದೂ ಇಲ್ಲ.

"ನಮ್ಮಪ್ಪ ಹಿಂಗೇ ಮಾಡ್ತಿದ್ದ" ಅಂತಾರೆ. ನಿಮ್ಮಪ್ಪನ ಕಾಲದ ಗಾಡೀಲಿ ಡೈನಮೋ ಇತ್ತು. ಸ್ಲೋನಲ್ಲಿ ಬಿಟ್ಟರೆ ಮೀಟರಿನ ಮುಳ್ಳು ಪ್ಲಸ್ ಕಡೆ ಹೋಗ್ತಾನೇ ಇರಲಿಲ್ಲ. ಆ ಕಾಲದಲ್ಲಿ ಬ್ಯಾಟರಿ ಉಳೀತಿದ್ದದ್ದು ಸ್ಟಾರ್ಟ್ ಮಾಡಿ ಬಿಟ್ಟಿದ್ದಕ್ಕಲ್ಲ. ಊರಿಗೆ ಒಂದೋ ಎರಡೋ ಟ್ರಾಕ್ಟರ್ ಇದ್ದವು, ವರ್ಷವಿಡೀ ಕೆಲಸ ಇರ್ತಿತ್ತು, ಅದಕ್ಕೆ. ಈಗ ಊರಿಗೆ ಇಪ್ಪತ್ತು ಗಾಡಿ, ಇರೋ ಕೆಲಸ ಅಷ್ಟೇ. ನಿಲ್ಲೋ ದಿನವೇ ಜಾಸ್ತಿ.

ಒಂದು ಮಾತು ಒಪ್ತೀನಿ. ಎರಡು ವಾರಕ್ಕೊಮ್ಮೆ ಗಾಡಿ ಹೊರಗೆ ತೆಗೆದು ಟ್ರೇಲರ್ ಹಾಕಿಕೊಂಡು ಎರಡು ಮೂರು ಗಂಟೆ ನಿಜವಾದ ಕೆಲಸ ಮಾಡಿಸಿದರೆ ಬ್ಯಾಟರಿಗೂ ಒಳ್ಳೇದು, ಟೈರಿಗೂ ಒಳ್ಳೇದು. ಅಂಥ ಕೆಲಸ ಇದ್ದೋರಿಗೆ ಈ ಬರಹ ಬೇಕಾಗಿಲ್ಲ.

ಕದ್ದು ಕುಡಿಯೋ ಸಾಮಾನು

ಈಗ ಕಾರಿನ ವಿಷಯ. ಮಕ್ಕಳು ಬೆಂಗಳೂರಲ್ಲಿ, ಕಾರು ಊರಲ್ಲಿ. ಹಬ್ಬಕ್ಕೆ ಬಂದಾಗ ಓಡಿಸೋಕೆ ಅಂತ ಟಾರ್ಪಾಲ್ ಹೊದಿಸಿ ನಿಲ್ಲಿಸಿರ್ತಾರೆ. ಯುಗಾದಿಗೆ ಬಂದು ರಿಮೋಟ್ ಒತ್ತಿದರೆ ಬಾಗಿಲೂ ತೆಗೆಯಲ್ಲ.

ಕೀ ತೆಗೆದು ಲಾಕ್ ಮಾಡಿದ ಕಾರು ಪೂರ್ತಿ ನಿದ್ದೆ ಮಾಡಲ್ಲ. ಗಡಿಯಾರ, ಸೆಂಟ್ರಲ್ ಲಾಕ್, ಕಂಪ್ಯೂಟರ್, ಟೇಪು, ಎಲ್ಲಾ ಒಂಚೂರು ಒಂಚೂರು ಕುಡೀತಾನೇ ಇರುತ್ತವೆ. 40 ಮಿಲಿ ಆಂಪಿಯರ್ ಅಂದ್ರೆ ಏನೂ ಅಲ್ಲ ಅನ್ನಿಸುತ್ತೆ. 24 ಗಂಟೆಗೆ ಗುಣಿಸಿ. ದಿನಕ್ಕೆ ಹತ್ತಿರ ಹತ್ತಿರ ಒಂದು ಆಂಪಿಯರ್-ಅವರ್. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಇರೋದೇ 35. ಎರಡೂವರೆ ವಾರಕ್ಕೆ ಅರ್ಧ, ಒಂದು ತಿಂಗಳು ಮೇಲೆ ನಾಲ್ಕೈದು ದಿನಕ್ಕೆ ಪೂರ್ತಿ ಖಾಲಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಗಾಡಿಗಳು ವಾರಗಟ್ಟಲೆ ನಿಂತಾಗ ಎಷ್ಟು ಜನರ ಕಾರು ಸ್ಟಾರ್ಟ್ ಆಗಲಿಲ್ಲ ನೆನಪಿಸಿಕೊಳ್ಳಿ. ಊರಿಗೆಲ್ಲಾ ಒಂದೇ ಸಲ ಡೂಪ್ಲಿಕೇಟ್ ಬ್ಯಾಟರಿ ಬಂದಿತ್ತಾ?

ಟ್ರಾಕ್ಟರ್ ಈ ವಿಷಯದಲ್ಲಿ ಸಾಧು, ಆದರೆ ನಾವು ಬಿಡಲ್ಲ. ಹಾಡು ಹಾಕೋಕೆ ಸಿಸ್ಟಮ್ಮು, ಬಣ್ಣಬಣ್ಣದ ಎಲ್‌ಇಡಿ, ನಾಲ್ಕು ಥರ ಹಾರನ್ನು, ಸಾಲದಲ್ಲಿ ತಗೊಂಡಿದ್ದರೆ ಒಂದು ಜಿಪಿಎಸ್. ಕೀ ಸ್ವಿಚ್ಚಿಗೆ ಕೊಡೋದು ಬಿಟ್ಟು ನೇರ ಬ್ಯಾಟರಿಗೇ ವೈರ್ ಸುತ್ತಿರ್ತಾರೆ. ಅವೂ ಹಗಲೂ ರಾತ್ರಿ ಕುಡೀತವೆ. ಜೊತೆಗೆ ಇಲಿ ಕಡಿದ ವೈರ್ ಬೇರೆ.

ಇದಕ್ಕೆ ಮದ್ದು ಒಂದು 10 ನಂಬರ್ ಸ್ಪ್ಯಾನರ್, ಕೆಲವು ಗಾಡಿಗೆ 12 ಇಲ್ಲಾ 13. ಮೈನಸ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿ, ಬಟ್ಟೆ ಸುತ್ತಿಡಿ. ಅಷ್ಟೇ. ಬಿಚ್ಚೋವಾಗ ಮೊದಲು ಮೈನಸ್, ಹಾಕೋವಾಗ ಕೊನೆಗೆ ಮೈನಸ್. ಯಾಕೆ ಅಂದ್ರೆ ಗಾಡಿಯ ಬಾಡಿ ಎಲ್ಲಾ ಮೈನಸ್ಸಿಗೆ ಸೇರಿರುತ್ತೆ. ಪ್ಲಸ್ ಬಿಚ್ಚೋವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ವೆಲ್ಡಿಂಗ್ ಹೊಡೆದ ಹಾಗೆ ಕಿಡಿ ಹಾರುತ್ತೆ. ಮೊದಲೇ ಮೈನಸ್ ಬಿಚ್ಚಿದ್ದರೆ ಆ ಭಯ ಇಲ್ಲ.

ಕಾರಿನ ಗಡಿಯಾರ ಹೋಗುತ್ತೆ, ರೇಡಿಯೋ ಸ್ಟೇಷನ್ ಮತ್ತೆ ಹುಡುಕಬೇಕು ಅಂತ ಗೊಣಗೋರು ಇದ್ದಾರೆ. ನಾಲ್ಕು ಸಾವಿರದ ಬ್ಯಾಟರಿ ಮುಂದೆ ಗಡಿಯಾರ ಸರಿ ಮಾಡೋದು ಎಷ್ಟು ಹೊತ್ತಿನ ಕೆಲಸ? ತೀರಾ ಹೊಸ ಮಾದರಿ ಕಾರಿದ್ದರೆ ಅದರ ಜೊತೆ ಬಂದ ಪುಸ್ತಕದಲ್ಲಿ ಬ್ಯಾಟರಿ ಬಿಚ್ಚೋ ಪುಟ ಓದಿ ಬಿಚ್ಚಿ. ಬಿಚ್ಚೋ ಮುಂಚೆ ಬಾಗಿಲು ಕೀಯಿಂದಲೂ ತೆಗೆಯುತ್ತೆ ಅಂತ ಖಾತ್ರಿ ಮಾಡಿಕೊಳ್ಳಿ.

ಆದರೆ ನೆನಪಿರಲಿ, ವೈರ್ ಬಿಚ್ಚಿದರೆ ಕಳ್ಳತನ ನಿಲ್ಲುತ್ತೆ, ತಾನಾಗಿ ಸೋರೋದು ನಿಲ್ಲಲ್ಲ. ಅರ್ಧ ಇಳಿದ ಬ್ಯಾಟರಿಯನ್ನ ವೈರ್ ಬಿಚ್ಚಿಟ್ಟರೂ ಹರಳು ಕಟ್ಟುತ್ತೆ. ಫುಲ್ ಮಾಡೇ ಇಡಬೇಕು.

ಅಂಗಡಿಯಲ್ಲಿ ನಡೆಯೋದು

ಇಲ್ಲಿ ಕೆಲವರಿಗೆ ಬೇಜಾರಾಗುತ್ತೆ. ಹೋದ ವರ್ಷದ ಹಿಂದಿನ ವರ್ಷ ನಮ್ಮ ಟ್ರಾಕ್ಟರ್ ಬ್ಯಾಟರಿಯನ್ನ ಮಗ ಒಂದು ಅಂಗಡಿಗೆ ತಗೊಂಡು ಹೋಗಿದ್ದ. ಅವರು ಮೀಟರ್ ಇಟ್ಟು 11.9 ತೋರಿಸಿ, "ಸತ್ತೋಗಿದೆ, ಹಳೇದು ಕೊಡಿ, ಹೊಸದಕ್ಕೆ ಇಷ್ಟು ಕಡಿಮೆ ಮಾಡ್ತೀವಿ" ಅಂದರು. ಚಾರ್ಜ್ ಹಾಕಿ ನೋಡಲಿಲ್ಲ, ಗ್ರಾವಿಟಿ ನೋಡಲಿಲ್ಲ. ನಾನು ವಾಪಸ್ ತರಿಸಿ ಮನೇಲಿ ನಿಧಾನಕ್ಕೆ ಚಾರ್ಜ್ ಕೊಟ್ಟು, ಒಂದು ರಾತ್ರಿ ಬಿಟ್ಟು ಅಳೆದೆ. 12.6 ಇತ್ತು. ಆ ಬ್ಯಾಟರಿ ಇವತ್ತಿಗೂ ಗಾಡಿಯಲ್ಲಿದೆ, ಎರಡು ಮುಂಗಾರು ಉತ್ತಿದೆ.

ಖಾಲಿಯಾದ ಬ್ಯಾಟರಿ ಬೇರೆ, ಸತ್ತ ಬ್ಯಾಟರಿ ಬೇರೆ. ಖಾಲಿ ಹೊಟ್ಟೆಯವನನ್ನ ಹೆಣ ಅಂತ ಹೊತ್ತುಕೊಂಡು ಹೋದರೆ ಹೇಗೆ? ಎಲ್ಲಾ ಅಂಗಡಿಯವರೂ ಹಾಗೆ ಅಂತ ನಾನು ಹೇಳ್ತಿಲ್ಲ. ಚಾರ್ಜ್ ಹಾಕಿ, "ಚೆನ್ನಾಗಿದೆ ತಗೊಂಡು ಹೋಗಿ" ಅಂತ ಐವತ್ತು ನೂರು ರೂಪಾಯಿಗೆ ಕಳಿಸೋರೂ ಇದ್ದಾರೆ. ಆದರೆ ಮಳೆ ಬಂದ ದಿನ ಅಂಗಡಿ ಮುಂದೆ ಹತ್ತು ಜನ ನಿಂತು "ಬೇಗ ಕೊಡಿ" ಅಂದಾಗ ಯಾವ ವ್ಯಾಪಾರಿ ಎರಡು ದಿನ ಚಾರ್ಜ್ ಹಾಕಿ ನೋಡ್ತೀನಿ ಅಂತಾನೆ? ಅವಸರ ನಮ್ಮದು, ಲಾಭ ಅವರದ್ದು.

ವಾರಂಟಿ ನಂಬಿಕೊಂಡೋರು ಕಾರ್ಡಿನ ಹಿಂದಿನ ಸಣ್ಣ ಅಕ್ಷರ ಓದಿ. ತಯಾರಿಕೆ ದೋಷಕ್ಕೆ ವಾರಂಟಿ. ನಿಂತು ನಿಂತು ಚಾರ್ಜ್ ಇಳಿದದ್ದಕ್ಕೆ ಸಾಮಾನ್ಯವಾಗಿ ಕೊಡಲ್ಲ.

ಆದ್ದರಿಂದ ಅಳತೆ ನಮ್ಮ ಕೈಯಲ್ಲೇ ಇರಬೇಕು. ಮುನ್ನೂರು ರೂಪಾಯಿ ಆಸುಪಾಸು ಒಂದು ಮಲ್ಟಿಮೀಟರ್ ಸಿಗುತ್ತೆ. ಮೋಟಾರು ರಿಪೇರಿಗೂ ಆಗುತ್ತೆ. ಗಾಡಿ ಆಫ್ ಮಾಡಿ ಅಥವಾ ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ಬೆಳಗ್ಗೆ ಅಳೆಯಿರಿ. 12.6 ಮೇಲಿದ್ದರೆ ಫುಲ್. 12.4 ಅಂದ್ರೆ ಮುಕ್ಕಾಲು. 12.2 ಅಂದ್ರೆ ಅರ್ಧ. 12.0 ಅಂದ್ರೆ ಕಾಲು ಭಾಗ ಉಳಿದಿದೆ. 12.4ಕ್ಕೆ ಇಳಿದ ಕೂಡಲೇ ಚಾರ್ಜ್ ಕೊಡಿ. "12 ವೋಲ್ಟ್ ಬ್ಯಾಟರಿ, ಮೀಟರಲ್ಲಿ 12 ಇದೆ, ಸರಿಯಾಗಿದೆ" ಅಂತ ಹೇಳೋರು ಬಹಳ ಜನ. 12 ಇದ್ದರೆ ಸರಿಯಾಗಿಲ್ಲ, ಹಸಿದಿದೆ ಅಂತ ಅರ್ಥ.

ಪೂರ್ತಿ ಚಾರ್ಜ್ ಕೊಟ್ಟ ಮೇಲೂ 10.5 ಹತ್ತಿರವೇ ನಿಂತರೆ ಆರು ಸೆಲ್ಲಿನಲ್ಲಿ ಒಂದು ಹೋಗಿದೆ. ಒಂದೊಂದು ಸೆಲ್ಲಿಗೆ 2.1 ವೋಲ್ಟ್ ಲೆಕ್ಕ. ಮುಚ್ಚಳ ಇರೋ ಬ್ಯಾಟರಿಯಾದರೆ ಹೈಡ್ರೋಮೀಟರ್ ಇಟ್ಟು ಆರೂ ಸೆಲ್ಲಿನ ಗ್ರಾವಿಟಿ ನೋಡಿ. ಫುಲ್ ಚಾರ್ಜಿಗೆ ಕಂಪನಿ ಮೇಲೆ 1.240ರಿಂದ 1.280ರ ತನಕ ಇರುತ್ತೆ. ಐದು ಒಂದೇ ಥರ ಇದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಕೆಳಗೆ ಬಿದ್ದಿದ್ದರೆ ಆ ಬ್ಯಾಟರಿ ಕಥೆ ಮುಗೀತು. ಆಗ ಧಾರಾಳವಾಗಿ ಹೊಸದು ತನ್ನಿ. ತರೋವಾಗ ಹೊಸದಕ್ಕೂ ಮೀಟರ್ ಇಡಿಸಿ. ಅಂಗಡಿಯಲ್ಲೇ ತಿಂಗಳುಗಟ್ಟಲೆ ಕೂತು 12.3ಕ್ಕೆ ಇಳಿದಿರೋದನ್ನ ಚಾರ್ಜ್ ಮಾಡಿಸದೆ ತರಬೇಡಿ.

ಹಳೇ ಬ್ಯಾಟರಿಯನ್ನ ಮಾತ್ರ ಮನೆ ಹಿತ್ತಲಲ್ಲಿ ಒಡೆದು ಸೀಸ ತೆಗೆಯೋಕೆ ಹೋಗಬೇಡಿ, ಆಸಿಡ್ಡನ್ನ ಬದುವಿಗೆ ಚೆಲ್ಲಬೇಡಿ. ಸೀಸ ಮಣ್ಣಿಗೆ ಬಿದ್ದರೆ ಹೋಗಲ್ಲ, ಮಕ್ಕಳ ಮಿದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನ ವಾಪಸ್ ಪಡೆಯೋ ಜವಾಬ್ದಾರಿ ತಯಾರಕರ ಮೇಲಿದೆ. ಅಂಗಡಿಗೇ ಕೊಡಿ, ದುಡ್ಡೂ ಬರುತ್ತೆ.

ದುಡ್ಡಿನ ಮಾತು ಬಿಡಿ, ಜೀವದ ಮಾತು ಕೇಳಿ

ಬ್ಯಾಟರಿ ವೀಕ್ ಇದ್ದರೆ ನಾವು ಏನು ಮಾಡ್ತೀವಿ? ಎರಡು ಕೆಲಸ. ಒಂದು, ಗಾಡಿಯನ್ನ ಇಳಿಜಾರಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡೋದು. ಬೆಳಗ್ಗೆ ಕಲ್ಲು ತೆಗೆದು ಉರುಳಿಸಿ ಸ್ಟಾರ್ಟ್ ಮಾಡೋದು. ಊರ ಮಧ್ಯದ ಏರಿನಲ್ಲಿ, ಶಾಲೆಗೆ ಹೋಗೋ ದಾರಿಯಲ್ಲಿ ಹೀಗೆ ನಿಂತ ಟ್ರಾಕ್ಟರ್ ಎಷ್ಟಿವೆ ಎಣಿಸಿ. ಎರಡು ಟನ್ ಕಬ್ಬಿಣಕ್ಕೂ ಮಕ್ಕಳಿಗೂ ನಡುವೆ ಇರೋದು ಒಂದು ದಿಂಡುಗಲ್ಲು. ಆಟ ಆಡೋ ಹುಡುಗನಿಗೆ ಆ ಕಲ್ಲು ಯಾಕಿದೆ ಅಂತ ಗೊತ್ತಿರುತ್ತಾ?

ಎರಡನೇದು ಇನ್ನೂ ಕೆಟ್ಟದ್ದು. ಕೀಯಲ್ಲಿ ತಗೋತಿಲ್ಲ ಅಂತ ಕೆಳಗೆ ನಿಂತು, ದೊಡ್ಡ ಚಕ್ರದ ಮುಂದೆ ಬಗ್ಗಿ, ಸ್ಟಾರ್ಟರ್ ಮೋಟಾರಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಕೊಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡೋದು. ಹೀಗೆ ಮಾಡಿದಾಗ ಕ್ಲಚ್ಚಿನ, ನ್ಯೂಟ್ರಲ್ಲಿನ ಸೇಫ್ಟಿ ಸ್ವಿಚ್ಚು ಯಾವುದೂ ಕೆಲಸ ಮಾಡಲ್ಲ. ಗಾಡಿ ಗೇರಲ್ಲಿದ್ದರೆ ಎಂಜಿನ್ ಹತ್ತಿದ ಕ್ಷಣವೇ ಮುಂದಕ್ಕೆ ನುಗ್ಗುತ್ತೆ. ಮುಂದೆ ಇರೋದು ನೀವು. ಹಿಂದಿನ ಚಕ್ರ ಹತ್ತೋದು ನಿಮ್ಮ ಮೇಲೇ. ಟ್ರಾಕ್ಟರ್ ಇರೋ ಎಲ್ಲಾ ದೇಶದಲ್ಲೂ ಹೀಗೆ ಜನ ಸತ್ತಿದ್ದಾರೆ, ಅದಕ್ಕೇ ಟ್ರಾಕ್ಟರ್ ಪುಸ್ತಕಗಳಲ್ಲಿ ಇದನ್ನ ಮಾಡಲೇಬೇಡಿ ಅಂತ ಬರೆದಿರ್ತಾರೆ. ನಮ್ಮಲ್ಲಿ ಇದನ್ನ ಮಾಡೋನನ್ನ "ಕೈಚಳಕ ಇರೋನು" ಅಂತ ಹೊಗಳ್ತೀವಿ. ಆ ಹೊಗಳಿಕೆ ನಿಲ್ಲಿಸಿ. ನಿಮ್ಮ ಡ್ರೈವರ್ ಹುಡುಗ ಇದನ್ನ ಮಾಡ್ತಿದ್ದರೆ ಇವತ್ತೇ ತಡೆಯಿರಿ. ಅವನಿಗೆ ಬೈಯೋದಲ್ಲ, ಅವನಿಗೆ ಸರಿಯಾದ ಬ್ಯಾಟರಿ ಕೊಡಿ. ಬ್ಯಾಟರಿ ಕಾಯದ ಮಾಲೀಕನಿಗೆ ಹುಡುಗನ ಕಾಲು ಮುರಿದ ಮೇಲೆ ಆಸ್ಪತ್ರೆಗೆ ಓಡೋ ಹಕ್ಕು ಮಾತ್ರ ಉಳಿಯುತ್ತೆ.

ಏನು ಮಾಡಬೇಕು

ಗಾಡಿ ಮೂರು ವಾರಕ್ಕಿಂತ ಹೆಚ್ಚು ನಿಲ್ಲುತ್ತೆ ಅಂತ ಗೊತ್ತಾದ ದಿನವೇ ಬ್ಯಾಟರಿ ಕಡೆ ನೋಡಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ, ಮುಚ್ಚಳದೊಳಗೆ ಹೋಗದ ಹಾಗೆ. ಒಣಗಿದ ಮೇಲೆ ಟರ್ಮಿನಲ್ಲಿಗೆ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಬ್ಯಾಟರಿ ಮೇಲಿನ ಧೂಳು, ತೇವ ಒರೆಸಿ. ಆ ಕೊಳೆಯಲ್ಲೂ ಕರೆಂಟ್ ಸೋರುತ್ತೆ.

ನೀರು ಕಮ್ಮಿ ಇದ್ದರೆ ಡಿಸ್ಟಿಲ್ ವಾಟರ್ ಮಾತ್ರ. ನಮ್ಮ ಬೋರ್‌ವೆಲ್ ನೀರಲ್ಲಿ ಸೌಟಿಗೇ ಬಿಳಿ ಕಟ್ಟುತ್ತೆ, ಪ್ಲೇಟಿಗೆ ಕಟ್ಟಲ್ವಾ? ಊರ ಘಟಕದ ಫಿಲ್ಟರ್ ನೀರು ಕುಡಿಯೋಕೆ ಚೆನ್ನ, ಬ್ಯಾಟರಿಗೆ ಅಲ್ಲ. ಅದರಲ್ಲೂ ಉಪ್ಪಿನಂಶ ಉಳಿದಿರುತ್ತೆ. "ಪವರ್ ಬರಲಿ" ಅಂತ ಆಸಿಡ್ ಸುರಿಯೋ ಚಟ ಬಿಡಿ. ಹಾರಿ ಹೋಗೋದು ನೀರು, ಆಸಿಡ್ ಅಲ್ಲ. ಪ್ಲೇಟ್ ಮುಳುಗುವಷ್ಟು ಮೊದಲು ಹಾಕಿ, ಚಾರ್ಜ್ ಆದ ಮೇಲೆ ಗುರುತಿನ ತನಕ ತುಂಬಿಸಿ.

ಚಾರ್ಜ್ ಅವಸರದಲ್ಲಿ ಬೇಡ. ಬ್ಯಾಟರಿ ಮೇಲೆ ಬರೆದ ಆಂಪಿಯರ್-ಅವರ್‌ನ ಹತ್ತನೇ ಒಂದು ಪಾಲು ಸಾಕು. 80ಕ್ಕೆ 8 ಆಂಪಿಯರ್, 35ಕ್ಕೆ ಮೂರೂವರೆ. ಇನ್ನೂ ಕಡಿಮೆ ಕೊಟ್ಟರೆ ತಡ ಆಗುತ್ತೆ, ಕೆಡಲ್ಲ. ತುಂಬಿದಾಗ ತಾನಾಗಿ ನಿಲ್ಲೋ ಚಾರ್ಜರ್ ತಗೊಳ್ಳಿ. ಹಳೇ ಕಾಲದ ಪೆಟ್ಟಿಗೆ ಚಾರ್ಜರ್ ನಿಲ್ಲಲ್ಲ, ರಾತ್ರಿಯಿಡೀ ಬಿಟ್ಟರೆ ಬ್ಯಾಟರಿ ಕುದಿಯುತ್ತೆ. ಚಾರ್ಜ್ ಆಗೋವಾಗ ಹೈಡ್ರೋಜನ್ ಅನಿಲ ಬರುತ್ತೆ, ಬೆಂಕಿ ಕಂಡರೆ ಸಿಡಿಯುತ್ತೆ. ಗಾಳಿ ಆಡೋ ಜಾಗದಲ್ಲಿಡಿ, ಬೀಡಿ ಸೇದೋರನ್ನ ದೂರ ಕಳಿಸಿ. ಮೊದಲು ಕ್ಲಿಪ್ಪು ಹಾಕಿ ಆಮೇಲೆ ಸ್ವಿಚ್ ಹಾಕಿ, ತೆಗೆಯೋವಾಗ ಮೊದಲು ಸ್ವಿಚ್.

"ಸಿಮೆಂಟ್ ನೆಲದ ಮೇಲೆ ಇಟ್ಟರೆ ನೆಲ ಚಾರ್ಜ್ ಎಳೆಯುತ್ತೆ" ಅನ್ನೋರಿಗೆ ಒಂದು ಮಾತು. ಮರದ, ರಬ್ಬರಿನ ಪೆಟ್ಟಿಗೆ ಇದ್ದ ಕಾಲದ ಮಾತು ಅದು. ಈಗಿನ ಪ್ಲಾಸ್ಟಿಕ್ ಡಬ್ಬದಿಂದ ನೆಲ ಏನೂ ಎಳೆಯಲ್ಲ. ಹಲಗೆ ಮೇಲಿಡಿ, ಬೇಡ ಅನ್ನಲ್ಲ. ಆದರೆ ಹಲಗೆ ಹಾಕಿದೆ ಅಂತ ಚಾರ್ಜ್ ಮರೀಬೇಡಿ.

ತೋಟದ ಶೆಡ್ಡಲ್ಲಿ ಕರೆಂಟ್ ಇಲ್ಲ ಅನ್ನೋರಿಗೆ ಸೂರ್ಯ ಇದ್ದಾನೆ. ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿದ್ದೀರಲ್ಲ, ಆ ಬೇಲಿ ಬ್ಯಾಟರಿ ವರ್ಷವಿಡೀ ಹೊಲದಲ್ಲಿದ್ದೂ ಯಾಕೆ ಜೀವಂತ ಇದೆ? ದಿನಾ ಒಂಚೂರು ಊಟ ಸಿಗುತ್ತೆ, ಅದಕ್ಕೆ. ಟ್ರಾಕ್ಟರಿಗೂ ಅದೇ ಮಾಡಿ. 10 ವ್ಯಾಟ್ ಪ್ಯಾನಲ್ ಒಂದನ್ನ ಶೆಡ್ಡಿನ ಮೇಲಿಟ್ಟರೆ ನಮ್ಮ ಬಿಸಿಲಿಗೆ ದಿನಕ್ಕೆ ಎರಡು, ಎರಡೂವರೆ ಆಂಪಿಯರ್-ಅವರ್ ಬರುತ್ತೆ. ನಿಂತ ಬ್ಯಾಟರಿಗೆ ಅದು ಬೇಕಾದಷ್ಟಾಯ್ತು. ಮಧ್ಯೆ ಒಂದು ಚಾರ್ಜ್ ಕಂಟ್ರೋಲರ್ ಕಡ್ಡಾಯ. ನೇರ ಕೊಟ್ಟರೆ ಮೂರು ತಿಂಗಳಲ್ಲಿ ನೀರೆಲ್ಲ ಹಾರಿಸುತ್ತೆ.

ಬೆನ್ನಿಗೆ ಹಾಕೋ ಬ್ಯಾಟರಿ ಸ್ಪ್ರೇಯರನ್ನೂ ಮರೀಬೇಡಿ. ಹೆಚ್ಚಿನವುಗಳಲ್ಲಿ ಇರೋದೂ ಇದೇ ಜಾತಿಯ 12 ವೋಲ್ಟ್ 8 ಆಂಪಿಯರ್-ಅವರ್ ಸೀಸದ ಬ್ಯಾಟರಿ. ಔಷಧಿ ಹೊಡೆದು ಖಾಲಿ ಮಾಡಿ ಗೂಟಕ್ಕೆ ನೇತು ಹಾಕಿ ಮುಂದಿನ ಬೆಳೆಗೆ ತೆಗೆದರೆ ಅದು ಸತ್ತಿರುತ್ತೆ. ತುಂಬಿಸಿ ನೇತು ಹಾಕಿ, ತಿಂಗಳಿಗೊಮ್ಮೆ ಪ್ಲಗ್ಗಿಗೆ ಚುಚ್ಚಿ.

"ಒಂದು ಬ್ಯಾಟರಿಗೆ ಎರಡು ಸಾವಿರದ ಚಾರ್ಜರ್ ತರಬೇಕಾ?" ಅನ್ನೋ ಪ್ರಶ್ನೆ ನ್ಯಾಯವೇ. ಒಬ್ಬರೇ ತರೋದು ಬೇಡ. ಹತ್ತು ಮನೆ ಸೇರಿದರೆ ಮನೆಗೆ ಇನ್ನೂರು. ಡೈರಿ ಹತ್ತಿರವೋ, ಯಾರದ್ದಾದರೂ ಗಾಳಿ ಆಡೋ ಜಗಲಿಯಲ್ಲೋ ಇಡಿ. ಒಂದು ಪುಸ್ತಕದಲ್ಲಿ ಯಾರ ಬ್ಯಾಟರಿ, ಯಾವ ದಿನ, ಎಷ್ಟು ವೋಲ್ಟ್ ಅಂತ ಬರೆಯಿರಿ. ಬ್ಯಾಟರಿಗೆ ಒಂದು ರಾತ್ರಿ ಅಂದರೂ ತಿಂಗಳಲ್ಲಿ ಹತ್ತು ಮನೆಯದ್ದೂ ಮುಗಿದು ಇಪ್ಪತ್ತು ದಿನ ಮಿಗುತ್ತೆ. ಸಂಘದ ಹೆಸರಲ್ಲಿ ಸಾಲ ತರೋಕೆ ಹತ್ತು ಜನ ಸಹಿ ಹಾಕ್ತೀವಿ, ಸಾಲ ಉಳಿಸೋ ಕೆಲಸಕ್ಕೂ ಒಂದು ಸಲ ಹತ್ತು ಜನ ಸೇರೋಣ.

ನನ್ನ ಚಾರ್ಜರ್, ಮೀಟರ್, ಹೈಡ್ರೋಮೀಟರ್ ಮೂರೂ ನಮ್ಮ ಮನೆ ಜಗಲಿ ಮೇಲಿವೆ. ಅಕ್ಕಪಕ್ಕದ ಊರೋರು ಯಾರೇ ಆಗಲಿ ಭಾನುವಾರ ಬ್ಯಾಟರಿ ತಗೊಂಡು ಬನ್ನಿ, ಅಳೆದು ನೋಡೋಣ. ದುಡ್ಡು ಬೇಡ. ಬರೋವಾಗ ಬ್ಯಾಟರಿ ನೆಟ್ಟಗೆ ಇಟ್ಟುಕೊಂಡು ಬನ್ನಿ, ಬೈಕಿನ ಟ್ಯಾಂಕ್ ಮೇಲೆ ಅಡ್ಡ ಮಲಗಿಸಬೇಡಿ. ಆಸಿಡ್ ಚೆಲ್ಲಿದರೆ ಪ್ಯಾಂಟೂ ಹೋಗುತ್ತೆ, ತೊಡೆಯೂ ಹೋಗುತ್ತೆ.